ಹಾಪರ್‌ನ ಬಾಗಿಲು ಮತ್ತು ಒಂದು ಸಾಲು ಕೋಡ್

ಹರಪನಹಳ್ಳಿಯಿಂದ ಚಿಗಟೇರಿಗೆ ಹೋಗುವ ರಸ್ತೆಯಲ್ಲಿ ಮೆಕ್ಕೆಜೋಳ ಒಣಗಿಸುವ ಒಂದು ಘಟಕವಿದೆ. ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ, ಬೆಳಗಿನ ಹತ್ತು ಗಂಟೆಯ ಸುಮಾರಿಗೆ, ನಾನು ಅದರ ಕಂಟ್ರೋಲ್ ಪ್ಯಾನೆಲ್‌ನ ಎಡಕ್ಕೆ ನಿಂತಿದ್ದೆ. ಅಲ್ಲಿಂದ ಯಂತ್ರ ಚಾಲೂ ಮಾಡುವ ಹಸಿರು ಗುಂಡಿ ಕಾಣುತ್ತಿತ್ತು. ಗೋಡೆಯಾಚೆಗಿನ ಹಾಪರ್ ಕಾಣುತ್ತಿರಲಿಲ್ಲ.

ಹಾಪರ್ ಎಂದರೆ ಕಾಳು ಸುರಿಯುವ ಕಬ್ಬಿಣದ ದೊಡ್ಡ ಆಲಿಕೆ. ಅದರ ತಳದಲ್ಲಿ ಕಾಳನ್ನು ಮುಂದಕ್ಕೆ ತಳ್ಳುವ ಸ್ಕ್ರೂ ತಿರುಗುತ್ತದೆ. ನಾನು ಕೂಡ್ಲಿಗಿಯಲ್ಲಿದ್ದುಕೊಂಡು ಇಂಥ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ವೈರಿಂಗ್ ಕೆಲಸ ಹರಪನಹಳ್ಳಿಯ ಮೆಕ್ಯಾನಿಕ್ ಮಹಬೂಬ್ ಸಾಬರದು; ಅಂದು ಅವರೂ ಜೊತೆಗೆ ಬಂದಿದ್ದರು.

ಆ ಸುಗ್ಗಿಗೆ ಹಾಪರ್‌ನ ಬಾಗಿಲಿಗೆ ಎರಡನೆಯ ಸೆನ್ಸರ್ ಹಾಕಿದ್ದೆವು. ಬಾಗಿಲಿನ ಆಯಸ್ಕಾಂತ ಹತ್ತಿರ ಬಂದರೆ ಹಳೆಯದು ‘ಮುಚ್ಚಿದೆ’ ಎನ್ನುತ್ತದೆ, ಬಾಗಿಲು ಸರಿದರೆ ಹೊಸದು ‘ತೆರೆದಿದೆ’ ಎನ್ನುತ್ತದೆ. ಎರಡೂ ಒಟ್ಟಿಗೆ ನಿಜವಾಗುವುದು ಅಸಾಧ್ಯ ಎಂದು ಕೋಡಿನಲ್ಲಿ ಒಂದು ಅಸರ್ಷನ್ ಇಟ್ಟಿದ್ದೆ. ‘ಇಲ್ಲಿ ಇಂಥದ್ದು ಸತ್ಯವಾಗಿರಲೇಬೇಕು’ ಎಂದು ಪ್ರೋಗ್ರಾಮರ್ ಬರೆದಿಡುವ ಸಾಲು ಅದು. ಮಾತು ಸುಳ್ಳಾದರೆ ಪ್ರೋಗ್ರಾಮ್ ಅಲ್ಲಿಗೇ ನಿಲ್ಲುತ್ತದೆ. ತಪ್ಪು ಹುಡುಕುವ ಹಂತದಲ್ಲಿ ಇಟ್ಟು, ಗ್ರಾಹಕರಿಗೆ ಕೊಡುವಾಗ ಅದನ್ನು ನಿಷ್ಕ್ರಿಯಗೊಳಿಸುವುದು ನಮ್ಮಲ್ಲಿ ಅನೇಕರ ರೂಢಿ. ಸೆನ್ಸರ್ ಹೊಸದಾದ್ದರಿಂದ ನಾನು ಹಾಗೆ ಮಾಡಿರಲಿಲ್ಲ.

ಆ ವಾರ ಆ ಸಾಲಿನಿಂದಾಗಿ ಯಂತ್ರ ದಿನವೂ ನಿಲ್ಲತೊಡಗಿತು. ಒಮ್ಮೆ ನಿಂತರೆ ಮತ್ತೆ ಗಾಳಿ ಊದುವ ಬ್ಲೋವರ್ ಹಾಕಿ, ಒಲೆ ಕಾಯುವ ತನಕ ಸುಮ್ಮನೆ ನಿಲ್ಲಬೇಕು. ಹಸಿ ಕಾಳು ಹೊತ್ತ ಲಾರಿಗಳು ಗೇಟಿನಾಚೆ ಸಾಲುಗಟ್ಟಿದ್ದವು. ಮಾಲೀಕ ಕೊಟ್ರೇಶಪ್ಪ ಫೋನಿನಲ್ಲಿ ಕೂಗಾಡಿದ್ದರು. ಅಸರ್ಷನ್ ಇಲ್ಲದ ಆವೃತ್ತಿಯನ್ನು ನಾನು ಲ್ಯಾಪ್‌ಟಾಪಿನಲ್ಲಿ ಸಿದ್ಧ ಮಾಡಿಕೊಂಡೇ ಬಂದಿದ್ದೆ.

ನನಗೆ ತೋರಿಸಲೆಂದು ಕೊಟ್ರೇಶಪ್ಪ ಹಸಿರು ಗುಂಡಿ ಒತ್ತಿದರು. ಸ್ಕ್ರೂ ತಿರುಗಲಿಲ್ಲ. ಪರದೆಯ ಮೇಲೆ ನನ್ನದೇ ಸಾಲು ಬಂತು: ಬಾಗಿಲು ತೆರೆದೂ ಇದೆ, ಮುಚ್ಚಿಯೂ ಇದೆ.

“ನೋಡಿದ್ರಾ? ಬಾಗ್ಲು ಅಂದ್ರ ಬಾಗ್ಲು. ಅದಕ್ಕೇನು ತಲಿ ಕೆಟ್ಟೈತಾ?” ಎಂದರು ಅವರು. “ಆ ಸಾಲು ತೆಗದ್ಬಿಡ್ರಿ ಸಾರ್. ಲಾರಿಯೋರು ನನ್ನ ಜೀವ ತಿಂತಾರ.”

ಕೇಬಲ್ ಸಿಕ್ಕಿಸಿ ಆಗಿತ್ತು. ಇನ್ನು ಒಂದು ಕೀಲಿ ಒತ್ತಿದರೆ ಮುಗಿಯುತ್ತಿತ್ತು. ಆದರೆ ಅಸಾಧ್ಯವೆಂದು ನಾನೇ ಬರೆದದ್ದು ಹೇಗೆ ಆಗುತ್ತಿದೆ ಎಂದು ಕಣ್ಣಾರೆ ನೋಡದೆ ಅದನ್ನು ತೆಗೆಯಲು ಮನಸ್ಸು ಬರಲಿಲ್ಲ. ಬಾಗಿಲು ನೋಡಿ ಬರುತ್ತೇನೆ ಎಂದೆ. ಕೊಟ್ರೇಶಪ್ಪ ಗೊಣಗುತ್ತಲೇ ಹಿಂದೆ ಬಂದರು. ಮಹಬೂಬ್ ಸಾಬರು ಹಾಪರ್‌ನ ಏಣಿಯಲ್ಲಿ ಮೊದಲು ಹತ್ತಿದವರು ಅಲ್ಲೇ ನಿಂತುಬಿಟ್ಟರು.

ಬಾಗಿಲು ಪೂರಾ ತೆರೆದಿತ್ತು. ‘ಮುಚ್ಚಿದೆ’ ಎನ್ನುವ ಸೆನ್ಸರ್‌ಗೆ ಹಳೆಯ ಸ್ಪೀಕರಿನ ಆಯಸ್ಕಾಂತವೊಂದನ್ನು ಸುತಳಿಯಿಂದ ಬಿಗಿಯಲಾಗಿತ್ತು. ಒಳಗೆ ಕೂಲಿಯ ದುರುಗಪ್ಪ ಸೊಂಟದವರೆಗೆ ಕಾಳಿನಲ್ಲಿ ನಿಂತು, ಅಂಟಿಕೊಂಡ ಕಾಳನ್ನು ಬಿದಿರಿನ ಗಳದಿಂದ ತಿವಿಯುತ್ತಿದ್ದ. ಅವನ ಕಾಲ ಕೆಳಗೆ ಸ್ಕ್ರೂ ಇತ್ತು.

“ದುರುಗ, ಮ್ಯಾಲ ಬಾರಲೇ,” ಎಂದರು ಮಹಬೂಬ್ ಸಾಬರು, ದನಿ ಏರಿಸದೆ.

“ಇನ್ನಾ ಅರ್ಧ ಐತಿ ಭಾಯ್. ನಾನಿನ್ನಾ ಕೂಗೇ ಇಲ್ಲಲ್ಲ?”

ಆಮೇಲೆ ತಿಳಿದದ್ದು ಇದು. ಬಾಗಿಲು ತೆರೆದಾಗಲೆಲ್ಲ ಯಂತ್ರ ನಿಂತು, ಒಲೆ ಆರಿ, ಹೊತ್ತು ಹೋಗುತ್ತದೆಂದು ಕೂಲಿಯವರು ಹಿಂದಿನ ಸುಗ್ಗಿಯಿಂದಲೇ ಆಯಸ್ಕಾಂತ ಕಟ್ಟುತ್ತಿದ್ದರು. ಗುಂಡಿಯ ಬಳಿ ಜೊತೆಗಾರನೊಬ್ಬ ಸ್ಕ್ರೂ ನಿಲ್ಲಿಸಿ ಕಾಯುತ್ತಿದ್ದ. ಒಳಗಿನವನು ಮೇಲೆ ಬಂದು ಕೂಗಿದ ಮೇಲೆಯೇ ಮತ್ತೆ ಚಾಲೂ. ಹೊಸ ಸೆನ್ಸರ್ ಅವರ ಲೆಕ್ಕದಲ್ಲಿ ಇರಲಿಲ್ಲ. ಆ ಬೆಳಗ್ಗೆ ಜೊತೆಗಾರನನ್ನು ಲಾರಿ ಸರಿಸಲು ಕಳಿಸಿದವರು ಕೊಟ್ರೇಶಪ್ಪ. ಒಳಗೆ ಮನುಷ್ಯನಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಅವರು ಏಣಿಯ ಬುಡದಲ್ಲೇ ಕುಳಿತರು. ನಾನು ಹೋಗಿ ಲ್ಯಾಪ್‌ಟಾಪಿನ ಕೇಬಲ್ ಕಿತ್ತೆ.

ಆ ಸಾಲನ್ನು ಕೊನೆಗೆ ನಾನು ಬದಲಿಸಿದೆ, ಆದರೆ ಅವರು ಕೇಳಿದಂತಲ್ಲ. ಅಸರ್ಷನ್ ಇರಬೇಕಾದ್ದು ನನ್ನ ಕೋಡಿನ ತಪ್ಪನ್ನು ನನಗೆ ತೋರಿಸಲು. ಬಾಗಿಲು, ಆಯಸ್ಕಾಂತ, ಅವಸರ ಇವೆಲ್ಲ ಹೊರಗಿನವು. ಅಲ್ಲಿ ಏನು ಬೇಕಾದರೂ ಆಗಬಹುದು. ಹಾಗಾಗಿ ಅಲ್ಲಿಗೆ ಯಾವ ಆವೃತ್ತಿಯಲ್ಲೂ ನಿಷ್ಕ್ರಿಯವಾಗದ ಪರೀಕ್ಷೆ ಬೇಕು. ಈಗ ಸೆನ್ಸರ್‌ಗಳ ಮಾತು ಹೊಂದದಿದ್ದರೆ ಸ್ಕ್ರೂ ಮಾತ್ರ ನಿಲ್ಲುತ್ತದೆ, ಒಲೆ ಉರಿಯುತ್ತಲೇ ಇರುತ್ತದೆ. ಆಯಸ್ಕಾಂತ ಕಟ್ಟುವ ಕಾರಣವೇ ಉಳಿದಿಲ್ಲ. ಸಾಫ್ಟ್‌ವೇರನ್ನೊಂದೇ ನಂಬಬಾರದೆಂದು ಮಹಬೂಬ್ ಸಾಬರು ಸ್ಕ್ರೂವಿನ ಕರೆಂಟಿಗೆ ಬೀಗದ ಸ್ವಿಚ್ ಕೂರಿಸಿದರು; ಅದರ ಕೀಲಿ ತೆಗೆದುಕೊಂಡರೆ ಸ್ಕ್ರೂಗೆ ಕರೆಂಟೇ ಇಲ್ಲ. ನನ್ನ ಕೋಡಿನೊಳಗಿನ ಅಸರ್ಷನ್‌ಗಳನ್ನು, ಮೋಟಾರು ತಿರುಗಿಸುವ ಯಾವ ಪ್ರೋಗ್ರಾಮಿನಲ್ಲೂ, ನಾನು ನಿಷ್ಕ್ರಿಯಗೊಳಿಸುವುದಿಲ್ಲ. ಒಂದು ಅಸರ್ಷನ್ ಸುಳ್ಳಾಯಿತೆಂದರೆ ಮೊದಲು ಎದ್ದು ಹೋಗಿ ನೋಡುತ್ತೇನೆ.

ಇದನ್ನು ಕಂಡವರು ನನ್ನ ಹೊರತು ಮೂವರು. ಮಹಬೂಬ್ ಸಾಬರ ಅಂಗಡಿ ಈಗಲೂ ನಡೆಯುತ್ತಿದೆ. ಕೊಟ್ರೇಶಪ್ಪ ಈಗ ಗುಂಡಿ ಮುಟ್ಟುವುದಿಲ್ಲ. ಮೂರನೆಯವನು ದುರುಗಪ್ಪ. ಈ ಸುಗ್ಗಿಯಲ್ಲೂ ಅವನು ಅದೇ ಹಾಪರ್‌ಗೆ ಇಳಿಯುತ್ತಾನೆ, ಸ್ವಿಚ್ಚಿನ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು.