ಹಸುವಿನ ಮುಂದೆ ನಡೆದವನು

ಮುನೀಂದ್ರನ ಮುಖ ನೆಟ್ಟಗಿದ್ದ ಕಾಲದಲ್ಲಿ ಮದುವೆಮನೆಯವರು ಅವನನ್ನು ಬಲವಂತ ಮಾಡಿ ಕರೆಯುತ್ತಿದ್ದರು. ತೆಲುಗಿನಲ್ಲಿ ಹಾಡಿ, ತಮಿಳಿನಲ್ಲಿ ಬೈದು, ಕನ್ನಡದಲ್ಲಿ ನಗಿಸುವವನು ಅವನು. ಬಂಗಾರಪೇಟೆ ಕಡೆಯ ಒಂದು ಕಲ್ಲುಕ್ವಾರಿಯಲ್ಲಿ ಕೂಲಿ. ಅಲ್ಲೊಂದು ದಿನ, ಸಿಡಿಯದೆ ಉಳಿದಿದ್ದ ಮದ್ದು ಅವನು ಬಗ್ಗಿ ನೋಡಿದ ಹೊತ್ತಿಗೇ ಸಿಡಿಯಿತು. ಎಡಗಣ್ಣು ಹೋಯಿತು. ಕೆನ್ನೆ ಸುಟ್ಟು ಕಿವಿಯ ಕಡೆಗೆ ಮುದುರಿತು. ತುಟಿ ಮತ್ತೆ ಮುಚ್ಚಲಿಲ್ಲ.

ಹೆಂಡತಿ ಸುಮಲತ ಆಸ್ಪತ್ರೆಯಲ್ಲಿ ಅವನಿಗೆ ಗಂಜಿ ಕುಡಿಸಿದಳು. ಮನೆಗೆ ಬಂದ ಮೇಲೆ ಮಾತ್ರ, ಅಪ್ಪನನ್ನು ಕಂಡರೆ ಸಾಕು ಮಗಳು ಕಿರುಚುತ್ತಿದ್ದಳು. ಮಗುವಿನ ಭಯ ಕಳೆಯಲೆಂದು ತವರಿಗೆ ಹೋದ ಸುಮಲತ ಅಲ್ಲೇ ಉಳಿದುಬಿಟ್ಟಳು. ಬೆಳಗ್ಗೆ ಕೆಲಸಕ್ಕೆ ಹೊರಟವರು ಅವನು ಎದುರಾದರೆ ಮನೆಗೆ ಮರಳಿ, ಕೂತು ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಎಲ್ಲರೂ ಹೋದ ಮೇಲೆ ಬೀದಿಗಿಳಿಯುವುದನ್ನು ಅವನು ಕಲಿತ.

ಆಗ ಆಂಡರ್ಸನ್‌ಪೇಟೆಯ ಅಂಚಿನಲ್ಲಿ ಹಾಲಿನ ರಾಮಚಂದ್ರಪ್ಪ ತನ್ನ ಹೆಂಚಿನ ಮನೆಯ ಪಕ್ಕದಲ್ಲೇ ಹೊಸ ಮನೆ ಕಟ್ಟಿಸುತ್ತಿದ್ದ. ಜನರ ಕಣ್ಣು ತಾಗದಿರಲೆಂದು ಕಟ್ಟಿದ ಕೋರೆಹಲ್ಲಿನ ದೃಷ್ಟಿಬೊಂಬೆ ಗಾಳಿಗೆ ಮತ್ತೆ ಮತ್ತೆ ಬೀಳುತ್ತಿತ್ತು. ಕೆಲಸ ಕೇಳಿಕೊಂಡು ಬಂದ ಮುನೀಂದ್ರನನ್ನು ರಾಮಚಂದ್ರಪ್ಪ ಒಂದು ಗಳಿಗೆ ದಿಟ್ಟಿಸಿದ.

“ಬೊಂಬೆ ಯಾಕ್ಲಾ ಬೇಕು? ನೀನೇ ಬಾಗ್ಲಾಗೆ ಕೂತ್ಕೊ. ಗಾಳಿಗೂ ಬೀಳಕಿಲ್ಲ.”

ಗಾರೆಯವರು ನಕ್ಕರು. ಮುನೀಂದ್ರನೂ ನಕ್ಕ. ಅವನದು ನಗುವೆಂದು ಯಾರಿಗೂ ಗೊತ್ತಾಗಲಿಲ್ಲ.

ಹೀಗೆ ಅವನು ಕಾವಲಿಗೆ ಕೂತ. ಎರಡು ಹೊತ್ತು ಗೋಡೆಗೆ ನೀರು ಹೊಡೆದ. ಅಂಗಳದ ಹಸು ಕೆಂದಿಗೆ ಮೇವು ಹಾಕಿದ. ರಾಮಚಂದ್ರಪ್ಪನ ತಾಯಿ ಮುತ್ಯಾಲಮ್ಮ ಮೊದಲ ದಿನ ಮುದ್ದೆಯ ತಟ್ಟೆ ಇಟ್ಟವಳು ಎದ್ದುಹೋಗಲಿಲ್ಲ. ಎದುರಿಗೇ ಕೂತು, ತುಟಿ ಮುಚ್ಚದವನು ಸಾರು ಉಣ್ಣಲು ಪಡುವ ಪಾಡು ನೋಡಿದಳು. ಮರುದಿನದಿಂದ ಸಾರನ್ನು ಗಟ್ಟಿಯಾಗಿ ಕಾಸಿ ತಂದಳು. ಅಪಘಾತವಾದ ಮೇಲೆ ಅವನ ಮುಖವನ್ನು ಮುಖವೆಂದು ನೋಡಿದವಳು ಅವಳೊಬ್ಬಳೇ.

“ಮನೆ ಆಗ್ಲಿ ಕಣ್ಲಾ,” ಎಂದಳು ಒಮ್ಮೆ. “ಮೆಟ್ಲು ಕೆಳಗಿನ ರೂಮು ನಿಂದು. ದನ ನೋಡ್ಕೊಂಡು ನಮ್ಜೊತೇನೇ ಇರೀವಂತೆ.”

ಆ ಮಾತಿನ ಮೇಲೆ ಅವನು ಬದುಕಿದ. ಮೆಟ್ಟಿಲ ಕೆಳಗಿನ ಗೋಡೆಗೆ ಯಾರಿಗೂ ಕಾಣದಂತೆ ಒಂದು ಬಿಂದಿಗೆ ನೀರು ಹೆಚ್ಚಿಗೆ ಹೊಡೆದ. ಚಾಪೆಯ ತಲೆ ಯಾವ ಕಡೆಗೆಂದು ಕೂಡ ಗೊತ್ತುಮಾಡಿಕೊಂಡ.

ಗೃಹಪ್ರವೇಶದ ಬೆಳಗ್ಗೆ ರಾಮಚಂದ್ರಪ್ಪ, ನೆಂಟರು ಉಂಡು ಹೋಗುವವರೆಗೆ ಹುಲ್ಲುಮೆದೆಯ ಹಿಂದೆ ಇರು ಎಂದ. ಮುನೀಂದ್ರನಿಗೆ ಬೇಸರವಾಗಲಿಲ್ಲ. ರಾತ್ರಿ ಮಲಗುವುದು ಒಳಗೇ ಅಲ್ಲವೇ?

ಮೊದಲು ಒಳಗೆ ಹೋಗಬೇಕಾದದ್ದು ಹಸು. ಬಾಳೆಕಂದು, ಓಲಗ, ಮಿರುಗುವ ಟೈಲ್ಸು ಕಂಡು ಕೆಂದಿ ಹೊಸ್ತಿಲಲ್ಲಿ ಕಾಲೂರಿ ನಿಂತುಬಿಟ್ಟಿತು. ಹಗ್ಗ ಎಳೆದರು, ಬಾಲ ತಿರುಚಿದರು. ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರಿಸಿದರು. ಹಸು ನೋವಿನಿಂದ ಅಂಬಾ ಎಂದಿತು.

ಆ ಕೂಗು ಕೇಳಿ ಮುನೀಂದ್ರ ಎದ್ದು ಬಂದ. ಅವನ ಕಣ್ಣಿಗೆ ಬಿದ್ದದ್ದು ಹಸು ಮಾತ್ರ. ಎಳೆಯುತ್ತಿದ್ದವರ ಕೈಯಿಂದ ಹಗ್ಗ ಬಿಡಿಸಿಕೊಂಡು, ನಾಲಗೆ ಲೊಚಗುಟ್ಟಿ, ಹಿಂದೆ ತಿರುಗಿಯೂ ನೋಡದೆ ನಡೆದ. ಕೆಂದಿ ಅವನ ಬೆನ್ನಿಗೇ ನಡೆದು ಒಳಗೆ ಬಂತು. ಮನೆಗೆ ತಾನು ಬೇಕಾದೆ ಎಂದು ಅವನಿಗೆ ಎದೆ ತುಂಬಿತು.

ಆಮೇಲೆ ಓಲಗ ನಿಂತದ್ದು ತಿಳಿಯಿತು. ಹೆರಿಗೆಗೆ ಬಂದಿದ್ದ ರಾಮಚಂದ್ರಪ್ಪನ ಮಗಳು ಅಂಬಿಕ ಅವನನ್ನು ಕಂಡು, ಸೆರಗೆಳೆದು ಹೊಟ್ಟೆ ಮುಚ್ಚಿಕೊಂಡಳು.

“ಆಚೆ ಇರ್ಬೇಕಾದ್ದು ಹಸೂಗಿಂತ ಮುಂಚೆ ಒಳಕ್ಕೆ ಬಂತಲ್ಲಮ್ಮ,” ಎಂದಳು ನೆಂಟರ ಪೈಕಿ ಅಕ್ಕಯ್ಯಮ್ಮ.

ಹಸು ಬಂದಿತಲ್ಲ, ದೋಷವಿಲ್ಲ ಎಂದು ಪುರೋಹಿತರು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ರಾಮಚಂದ್ರಪ್ಪ ಅವನ ರಟ್ಟೆ ಹಿಡಿದ.

“ಅಣ್ಣ, ಕೂರ್ಸಿದ್ದು ನೀನೇ ಅಲ್ವಾ ನನ್ನ?”

“ಕೂರ್ಸಿದ್ದು ಆಚೆ ಕಣ್ಲಾ.”

ಮುನೀಂದ್ರ ಮುತ್ಯಾಲಮ್ಮನ ಕಡೆ ತಿರುಗಿದ. “ಅಮ್ಮ, ನೀನೇಳು. ರೂಮು ನಂದು ಅಂದಿದ್ದೆ.”

ಮುದುಕಿ ಮೊಮ್ಮಗಳ ಹೊಟ್ಟೆಯನ್ನು ನೋಡಿದಳು. ಆಮೇಲೆ ನೆಲ ನೋಡಿದಳು. ಅವನನ್ನು ಮಾತ್ರ ನೋಡಲಿಲ್ಲ.

“ಅಂದಿದ್ದೆ ಕಣಪ್ಪ. ಓಗು.”

ಗೇಟಿನ ಬಳಿ ಹೊಸ ಪಂಚೆ, ಊಟದ ಪೊಟ್ಟಣ ಕೊಟ್ಟರು. ಒಳಗೆ ಗಂಜಲ ಹಾಕಿ ನೆಲ ತೊಳೆಯುವ ಸದ್ದು ಕೇಳುತ್ತಿತ್ತು. ಕೆಂದಿಯನ್ನು ಹೊರಗೆ ತಂದು, ಬೇರೆಯವರ ಕೈಯಲ್ಲಿ ಮತ್ತೆ ಒಳಗೆ ನೂಕಿಸುತ್ತಿದ್ದರು.

ರಾಬರ್ಟ್‌ಸನ್‌ಪೇಟೆಯವರೆಗೆ ನಡೆದು ಅವನು ಕಣ್ಣಿಗೆ ಕಂಡ ಬಸ್ಸು ಹತ್ತಿದ. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದ. ಹೇಳಲು ಒಂದು ಊರಿನ ಹೆಸರೂ ಬಾಯಿಗೆ ಬರಲಿಲ್ಲ. ಬಸ್ಸು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಎಂದ. ಜನ ಒಬ್ಬರ ಮೇಲೊಬ್ಬರು ಬೀಳುವಂತೆ ನಿಂತಿದ್ದರು. ಅವನ ಪಕ್ಕದ ಸೀಟಿನಲ್ಲಿ ಮಾತ್ರ ಯಾರೂ ಕೂರಲಿಲ್ಲ. ಮುನೀಂದ್ರ ಊಟದ ಪೊಟ್ಟಣವನ್ನು ಅಲ್ಲಿಟ್ಟು, ಅದು ಜಾರದಂತೆ ಕೈ ಅಡ್ಡ ಹಿಡಿದು ಕೂತ.