ಬೇವೂರಿನ ಗುಡ್ಡದ ತೊಂಬತ್ತೇಳು ಗಿಡ

2024ರ ಆಗಸ್ಟ್ ತಿಂಗಳ ಒಂದು ಸೋಮವಾರ, ಯಲಬುರ್ಗಾ ಸೀಮೆಯ ಬೇವೂರಿನಾಚೆಯ ಗುಡ್ಡದಲ್ಲಿ ನಾನು ನೂರು ಗುಂಡಿ ಎಣಿಸಿದೆ. ತೊಂಬತ್ತೇಳರಲ್ಲಿ ಗಿಡ ಬದುಕಿತ್ತು. ಗಂಗಾವತಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನೆಡುತೋಪುಗಳ ಸ್ವತಂತ್ರ ಪರಿಶೀಲಕಿಯಾಗಿದ್ದೆ. ನೆಟ್ಟದ್ದರಲ್ಲಿ ಎಷ್ಟು ಉಳಿದಿದೆ ಎಂದು ಎಣಿಸಿ ವರದಿ ಕೊಡುವುದು ಕೆಲಸ. ಆ ಕಲ್ಲುನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ಖಾಸಗಿ ಕಂಪನಿಯೊಂದು ವಿದ್ಯುತ್ ಮಾರ್ಗಕ್ಕಾಗಿ ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಮರ ಕಡಿದಿತ್ತು. ಕಾನೂನಿನಂತೆ ಅದರ ಬದಲಿಗೆ ಇಲ್ಲಿ ಗಿಡ ಬೆಳೆಸಬೇಕಿತ್ತು. ಮಳೆಕಾಡಿನ ಸಾರ ಬಹುಪಾಲು ಇರುವುದು ಮರಗಳಲ್ಲಿ, ಮಣ್ಣಿನಲ್ಲಿ ಕಡಿಮೆ. ಮರ ಹೋದರೆ ಮೇಲ್ಮಣ್ಣು ಮಳೆಗೆ ತೊಳೆದುಹೋಗುತ್ತದೆ. ಸೀಳಿದ ಜಾಗದಿಂದ ಬಿಸಿಲು, ಗಾಳಿ ಒಳನುಗ್ಗಿ ಅಂಚಿನ ಮರಗಳೂ ಸಾಯುತ್ತವೆ. ಬೀಜ ಹರಡುವ ಹಕ್ಕಿಗಳು ಜಾಗ ಬಿಡುತ್ತವೆ. ಕಡತದಲ್ಲಿ ಇದ್ಯಾವುದೂ ಬರುವುದಿಲ್ಲ. ಮರಕ್ಕೆ ಇಷ್ಟು ಸಸಿ ಎಂದಷ್ಟೇ ಇರುತ್ತದೆ.

ಬೇವೂರಿನ ಗುಡ್ಡ ಕಾಗದದಲ್ಲಿ ಪಾಳು ಭೂಮಿ. ಅಸಲಿಗೆ ಅದು ಹುಲ್ಲುಗಾವಲು. ಅಲ್ಲಿ ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗಳಿದ್ದವು, ಚಿಗರಿ ಎನ್ನುವ ಕೃಷ್ಣಮೃಗಗಳಿದ್ದವು, ತೋಳವಿತ್ತು. ಪಶ್ಚಿಮದ ಅರ್ಧಕ್ಕೆ ಬೇಲಿ ಹಾಕಿ ಗಿಡ ನೆಟ್ಟು ಎರಡು ವರ್ಷವಾಗಿತ್ತು. ನನ್ನ ವರದಿ ಚೆನ್ನಾಗಿ ಬಂದರೆ ಪೂರ್ವದ ಅರ್ಧಕ್ಕೂ ಗುಂಡಿ ತೆಗೆಯುವ ಯಂತ್ರ ಬರುವುದಿತ್ತು.

ಇಡೀ ತೋಪನ್ನು ಯಾರೂ ಎಣಿಸುವುದಿಲ್ಲ. ಚೀಟಿ ಎತ್ತಿ ಕೆಲವು ತುಂಡುಗಳನ್ನು ಆರಿಸಿ ಅವನ್ನಷ್ಟೇ ಎಣಿಸುತ್ತೇವೆ. ದಾರಿ ತೋರಿಸಲು ಜನ ಬೇಕೆಂದು ಆ ಪಟ್ಟಿಯನ್ನು ವಾರ ಮೊದಲೇ ಕಂಪನಿಗೆ ಕಳಿಸುವುದು ರೂಢಿ. ಈ ಸಲವೂ ಕಳಿಸಿದ್ದೆ.

ಕಂಪನಿಯ ಮೇಲ್ವಿಚಾರಕ ಶರಣಬಸು ತನ್ನ ಜೀಪಿನಲ್ಲೇ ನನ್ನನ್ನು ಕರೆತಂದಿದ್ದ. ಸತ್ತ ಮೂರು ಗಿಡಗಳಿಗೆ ಅವನ ಬಳಿ ಕಾರಣ ಸಿದ್ಧವಿತ್ತು. “ಕುರಿಯವ್ರ ಕೆಲಸ ನೋಡ್ರಿ ಮೇಡಂ. ಇವ್ರ ಕೈಯಾಗ ಅಡವಿ ಕೊಟ್ರ ಒಂದು ಕಡ್ಡಿ ಉಳಸಂಗಿಲ್ಲ.”

ಆ ಮಾತು ಕೇಳಿ ನಾನು ನೆಲವನ್ನು ಗಮನಿಸಿ ನೋಡಿದೆ. ಸಾಲುಗಳ ನಡುವೆ ಎಲ್ಲೆಲ್ಲೂ ಕುರಿ ಹಿಕ್ಕೆ, ಗೊರಸಿನ ಗುರುತು, ಮಂದೆ ಒಂದು ರಾತ್ರಿ ತಂಗಿದಷ್ಟು. ಆದರೆ ಗಿಡದ ಬುಡದ ಮಣ್ಣಿನ ಮೇಲೆ ಒಂದು ಹಿಕ್ಕೆಯೂ ಇರಲಿಲ್ಲ. ಸೊಂಟದೆತ್ತರದ ಬಸರಿ, ಹುಣಸೆ. ಒಂದು ಎಲೆಗೂ ಬಾಯಿ ಬಿದ್ದಿರಲಿಲ್ಲ. ಒಂದು ಮಂದೆ ಕುರಿ ರಾತ್ರಿಯಿಡೀ ಬಸರಿ ಸೊಪ್ಪಿನ ಪಕ್ಕ ಉಪವಾಸ ನಿಂತಿರಲು ಸಾಧ್ಯವಿಲ್ಲ.

ಬೇಲಿಯಾಚೆ ಕುರಿಗಾರ ಯಮನೂರಪ್ಪ ನಮ್ಮನ್ನೇ ನೋಡುತ್ತಿದ್ದರು. ವಯಸ್ಸು ಅರವತ್ತರ ಆಸುಪಾಸು. ನಿಮ್ಮ ಕುರಿ ಒಳಗೆ ಬಂದಿದ್ದವೇ ಎಂದು ಕೇಳಿದೆ. ಇಲ್ಲವೇ ಇಲ್ಲ ಎಂದರು. ಮತ್ತೆ ಕೇಳಿದೆ. ಅವರು ಗದ್ದದಿಂದಲೇ ಜೀಪಿನ ಕಡೆ ತೋರಿಸಿದರು.

“ನೀವು ಬಂದಿದ್ದೂ ಅವ್ರ ಗಾಡ್ಯಾಗ ಅಲ್ರಿ, ಅಕ್ಕಾರ. ನಿಮ್ಮ ಮುಂದ ಏನು ಹೇಳೂದೈತಿ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬಸ್ಸಿನಲ್ಲಿ ಹೋಗುತ್ತೇನೆಂದು ಹೇಳಿ ಜೀಪನ್ನು ವಾಪಸು ಕಳಿಸಿದೆ. ಶರಣಬಸು ಹೋಗಲು ಮನಸ್ಸಿಲ್ಲದೆ ಎರಡು ಸಲ ತಿರುಗಿ ಬಂದ, ನೀರಿನ ಬಾಟಲಿ ಬೇಕೇ, ಛತ್ರಿ ಬೇಕೇ ಎಂದು ಕೇಳುತ್ತ. ಅವನು ಕಣ್ಮರೆಯಾದ ಮೇಲೆ ಯಮನೂರಪ್ಪ ಬೇಲಿಯ ಹತ್ತಿರಕ್ಕೆ ಬಂದರು. ನಾನು ಗಿಡವೊಂದರ ಬುಡದ ಮಣ್ಣನ್ನು ಕೈಯಿಂದ ಕೆದರಿದೆ. ನಾಲ್ಕು ಬೆರಳು ಕೆಳಗೆ ಕಪ್ಪು ಪ್ಲಾಸ್ಟಿಕ್ ಚೀಲ ಸಿಕ್ಕಿತು. ನರ್ಸರಿಯಿಂದ ತಂದ ಸಸಿಯನ್ನು ಚೀಲ ಹರಿಯದೆ ಹಾಗೇ ಇಳಿಸಿದ್ದರು. ಎಣಿಕೆ ಮುಗಿದ ಮೇಲೆ ಎತ್ತಿ ಇನ್ನೊಂದು ಕಡೆ ಇಡಬಹುದು.

ಅದನ್ನು ನೋಡಿ ಯಮನೂರಪ್ಪ ಬಾಯಿಬಿಟ್ಟರು. ಮೂರು ದಿನದ ಮಳೆಗೆ ಎರೆಹೊಲವೆಲ್ಲ ಕೆಸರಾಗಿತ್ತು. ಕೆಸರಲ್ಲಿ ನಿಂತರೆ ಕುರಿಗಳ ಕಾಲು ಕೆಡುತ್ತದೆ. ಅದಕ್ಕೇ ಬೇಲಿಯ ತಂತಿ ಎತ್ತಿ, ನೀರು ನಿಲ್ಲದ ಗರಸುನೆಲದ ಮೇಲೆ ಮಂದೆಯನ್ನು ರಾತ್ರಿ ತರುಬಿದ್ದರು, ಎಂದರೆ ಕೂಡಿಹಾಕಿದ್ದರು.

“ಬ್ಯಾಸ್ತವಾರರಿ. ಗಿಡ ಇದ್ದಿದ್ರ ನಾ ಯಾಕ ಅಲ್ಲಿ ತರುಬತಿದ್ದೆ? ಖಾಲಿ ತೆಗ್ಗು ಇದ್ವು. ಎರಡು ಮರಿ ಬಿದ್ದಿದ್ವು, ನಾನ ಎತ್ತೀನಿ. ಶನಿವಾರ ಟ್ರ್ಯಾಕ್ಟರ್ ಬಂತು, ಗಿಡ ಇಳಿಸಿದ್ರು.”

ಇಪ್ಪತ್ತು ಗಿಡಗಳ ಬುಡ ಕೆದರಿದೆ. ಹತ್ತೊಂಬತ್ತರಲ್ಲಿ ಚೀಲವಿತ್ತು. ಆಮೇಲೆ ಪಟ್ಟಿಯಲ್ಲಿಲ್ಲದ ತುಂಡೊಂದಕ್ಕೆ ಹೋಗಿ ನೂರು ಗುಂಡಿ ಎಣಿಸಿದೆ. ಹನ್ನೊಂದು ಗಿಡ ಬದುಕಿದ್ದವು.

ಚೀಲದ ಫೋಟೊ ತೆಗೆದುಕೊಂಡೆ. ಆದರೆ ಸತ್ತ ಗಿಡದ ಜಾಗದಲ್ಲಿ ಹೊಸದು ಹಾಕಿದ್ದೇವೆ, ಕೂಲಿಯವರು ಚೀಲ ಹರಿಯಲು ಮರೆತರು ಎಂದು ಕಂಪನಿ ಹೇಳಬಹುದಿತ್ತು. ಪಟ್ಟಿ ಕೈಸೇರಿದ ಮೇಲೂ ಗುಂಡಿ ಖಾಲಿ ಇದ್ದವು ಎಂದು ಹೇಳಬಲ್ಲವರು ಯಮನೂರಪ್ಪ ಒಬ್ಬರೇ. ಹಾಗೆ ಹೇಳಿದರೆ ಬೇಲಿ ದಾಟಿದ್ದನ್ನೂ ಒಪ್ಪಿದಂತೆ. ಸತ್ತ ಗಿಡಗಳನ್ನೆಲ್ಲ ಕಂಪನಿ ಅವರ ತಲೆಗೇ ಕಟ್ಟಬಹುದು. ಇದನ್ನು ಮುಚ್ಚಿಡದೆ ತಿಳಿಸಿದೆ. ಅವರು ಪೂರ್ವದ ಕಡೆ ಮೇಯುತ್ತಿದ್ದ ಮಂದೆಯನ್ನು ನೋಡುತ್ತ ಕೂತರು.

“ಬರಕೋರಿ. ಮೂಡಲ ಬದಿನೂ ಹ್ವಾದ್ರ ಹ್ಯಾಂಗೂ ಕುರಿ ಮಾರೂದ ಐತಿ.” ಸ್ವಲ್ಪ ತಡೆದು ಸೇರಿಸಿದರು: “ಆದ್ರ ಬರದಿದ್ದು ಓದಿ ಹೇಳ್ರಿ. ನಿಮ್ಮ ಮ್ಯಾಲೂ ನನಗ ಪೂರ್ತಿ ನಂಬಿಗಿ ಬಂದಿಲ್ಲ.”

ಎರಡು ಸಲ ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿದರು.

ವರದಿ ಮರುದಿನವೇ ಹೋಯಿತು. ವಾರದೊಳಗೆ ಕಂಪನಿ ಯಮನೂರಪ್ಪನವರ ಮೇಲೆ ಬೇಲಿ ಮುರಿದ ದೂರು ಕೊಟ್ಟಿತು. ವಿಚಾರಣೆಗೆ ನಾನೂ ಹೋಗಿ ಚೀಲದ ಫೋಟೊ ತೋರಿಸಿದೆ. ದೂರು ಮುಂದುವರಿದರೆ ಚೀಲದ ವಿಷಯವೂ ಬರುತ್ತಿತ್ತು; ಕಂಪನಿ ಅದನ್ನು ಅಲ್ಲಿಗೇ ಬಿಟ್ಟಿತು. ಅಲ್ಲಿಂದೀಚೆಗೆ ನಾನು ಪಟ್ಟಿಯನ್ನು ಮೊದಲೇ ಕಳಿಸುವುದಿಲ್ಲ. ಚೀಟಿಯನ್ನು ಗುಡ್ಡದ ಮೇಲೆ ನಿಂತು ಎತ್ತುತ್ತೇನೆ, ಎತ್ತುವ ಮುಂಚೆ ಅಲ್ಲಿ ಕುರಿ ಮೇಯಿಸುವವರನ್ನು ಮಾತಾಡಿಸುತ್ತೇನೆ. ಪರಿಶೀಲಕರನ್ನು ಆರಿಸುವುದು ಕಂಪನಿಗಳೇ; ಈ ಕ್ರಮ ಬಂದ ಮೇಲೆ ನನಗೆ ಸಿಗುವ ಕೆಲಸ ಕಡಿಮೆಯಾಗಿದೆ.

ಬೇವೂರಿನ ಎರಡನೇ ಹಂತವನ್ನು ಕಂಪನಿ ಕೈಬಿಟ್ಟಿದೆ. ಈ ಮಳೆಗಾಲ ಯಮನೂರಪ್ಪನವರ ಕುರಿ ಪೂರ್ವದ ಅರ್ಧದಲ್ಲೇ ಮೇಯುತ್ತಿವೆ. ಘಟ್ಟದಲ್ಲಿ ಮರ ಕಡಿದ ಜಾಗದಲ್ಲಿ ಕಂಬಗಳು ನಿಂತಿವೆ. ಬಾಕಿ ಗಿಡಗಳಿಗಾಗಿ ಕುಷ್ಟಗಿ ಕಡೆಯ ಇನ್ನೊಂದು ಹುಲ್ಲುಗಾವಲಿನಲ್ಲಿ ಗುಂಡಿ ತೆಗೆಯುತ್ತಿದ್ದಾರೆ. ಅಲ್ಲಿಯ ಎಣಿಕೆಗೆ ಬೇರೆಯವರನ್ನು ನೇಮಿಸಿದ್ದಾರೆ.