ಹತ್ತನೆಯವಳು

ನನ್ನ ತಮ್ಮ ಮೇಷ್ಟರಾದದ್ದು ಅಕ್ಕನ ತ್ಯಾಗದಿಂದ ಎಂದು ಅವನು ಬದುಕಿರುವಷ್ಟು ದಿನವೂ ಹೇಳಿಕೊಂಡು ಓಡಾಡಿದ. ಮದುವೆಮನೆಯ ಪಂಕ್ತಿಯಲ್ಲಿ ಹೇಳಿದ, ಬಸ್ಸಿಗೆ ಕಾಯುತ್ತ ನಿಂತವರಿಗೆ ಹೇಳಿದ, ಕೊನೆಗೆ ಸೊಸೆಯಂದಿರನ್ನು ಕೂರಿಸಿಕೊಂಡು ಹೇಳಿದ. ಕೇಳಿದವರೆಲ್ಲ ನನ್ನ ಕಡೆ ತಿರುಗುತ್ತಿದ್ದರು, ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು. ವಿನಯಕ್ಕೂ ನನಗೂ ಯಾವತ್ತೂ ಆಗಿಬಂದದ್ದಿಲ್ಲ, ನಮ್ಮ ಮನೆಯಲ್ಲಿ ಯಾರನ್ನಾದರೂ ಕೇಳಬಹುದು. ನನಗೆ ಆಗುತ್ತಿದ್ದದ್ದು ಬರೀ ನಾಚಿಕೆ. ಅವನು ಹೋದ ಮೇಲೆ ಆ ಕಥೆಯನ್ನು ಸರಿಯಾಗಿ ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ.

ನಮ್ಮದು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಊರು. ಅಪ್ಪಯ್ಯನದು ರಸ್ತೆ ಪಕ್ಕದಲ್ಲೇ ಜಿನಸಿ ಅಂಗಡಿ, ಅದರ ಹಿಂದೆ ಮನೆ. ನಾನು ನರಸಿಂಹರಾಜಪುರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಲೋಯರ್ ಸೆಕೆಂಡರಿ, ಅಂದರೆ ಮಿಡ್ಲ್ ಸ್ಕೂಲಿನ ಕೊನೆಯ ಪರೀಕ್ಷೆ, ಪಾಸು ಮಾಡಿದ್ದೆ. ಅಲ್ಲಿಯ ಹೆಣ್ಣುಮಕ್ಕಳ ಸ್ಕೂಲಿಗೆ ಮೈಸೂರಿನಿಂದ ಒಬ್ಬ ಮೇಡಮ್ಮು ಬಂದಿದ್ದರು. ಬೆಳಿಗ್ಗೆ ಕೊಡೆ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಪೇಟೆಯ ನಡುಮಧ್ಯೆ ನಡೆದುಹೋಗುತ್ತಿದ್ದರು. ಅವರ ಹಾಗೆ ಆಗಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು. ಯಾರಿಗೂ ಹೇಳಲಿಲ್ಲ. ಪಾಸಾದ ಸುದ್ದಿ ಬಂದ ದಿನ ಅವ್ವ, "ಇನ್ನು ಇವ್ಳಿಗೆ ಗಂಡು ಹುಡುಕೋದು ಕಷ್ಟ," ಎಂದು ಅಪ್ಪಯ್ಯನ ಹತ್ತಿರ ಹೇಳಿದ್ದು ಕೇಳಿಸಿತ್ತು.

ಗಂಡು ಸಿಕ್ಕಿತು. ಬಾಳೆಹೊನ್ನೂರಿನ ಕಡೆಯವರು, ಒಳ್ಳೆಯವರು. ವರ್ಷ ತುಂಬುವುದರೊಳಗೆ ಚಳಿಜ್ವರದಲ್ಲಿ ತೀರಿಕೊಂಡರು. ನಾನು ತವರಿಗೆ ಬಂದೆ. ಮಾತಾಡಿಸಲು ಬಂದ ನೆಂಟರಲ್ಲಿ ಒಬ್ಬಾಕೆ, ಓದಿದ ಹೆಣ್ಣು ಮನೆ ತುಂಬಿದರೆ ಹೀಗೇ ಆಗುವುದು ಎಂದಳು. ಅವತ್ತೇ ಅವ್ವ ನನ್ನ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದಳು. ಆಮೇಲೆ ನಾನು ಯಾರ ಎದುರಿಗೂ ಓದಲಿಲ್ಲ. ಬೆಲ್ಲ ಕಟ್ಟಿಕೊಂಡು ಬಂದ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಗಡಿಯ ಹಿಂದಿನ ಉಗ್ರಾಣದಲ್ಲಿ ನಿಂತುಕೊಂಡು ಓದುತ್ತಿದ್ದೆ. ಹೀಗೆ ಮೂರ್ನಾಲ್ಕು ವರ್ಷ ಕಳೆದ ಮೇಲೆ ನನಗೆ ಅಕ್ಷರ ಬರುತ್ತದೆನ್ನುವುದನ್ನೇ ಊರು ಮರೆತಿತ್ತು.

ಅಷ್ಟರಲ್ಲಿ ತಮ್ಮ ಮೈಸೂರಿನಲ್ಲಿ ಬಿ.ಎ. ಮುಗಿಸಿದ. ಅವನಿಗೆ ಹೈಸ್ಕೂಲು ಮೇಷ್ಟರಾಗುವ ಹುಚ್ಚು, ಅದಕ್ಕೆ ಇನ್ನೊಂದು ವರ್ಷ ಬಿ.ಟಿ. ಓದಬೇಕು. ಯುದ್ಧದ ಕಾಲ, ಅಂಗಡಿಯಲ್ಲಿ ಸಕ್ಕರೆ ಸೀಮೆಎಣ್ಣೆ ಇದ್ದರೆ ತಾನೇ ವ್ಯಾಪಾರ. ಅಪ್ಪಯ್ಯ ಕೈಚೆಲ್ಲಿದ. ಆಗ ತಮ್ಮನಿಗೆ ಗೊತ್ತಾದದ್ದು ಕೊಪ್ಪದ ಸ್ಕಾಲರ್‌ಶಿಪ್ಪಿನ ವಿಷಯ. ಅಲ್ಲಿಯ ಕಾಫಿ ತೋಟದ ದೊಡ್ಡ ಮನುಷ್ಯರೊಬ್ಬರು ತಾಯಿಯ ನೆನಪಿಗೆಂದು ಇಟ್ಟ ದುಡ್ಡು ಅದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹುಡುಗರು ಡಿಗ್ರಿ ಮುಗಿಸಿ ಮೇಷ್ಟರಾಗುತ್ತೇವೆಂದರೆ ಬಿ.ಟಿ.ಯ ಖರ್ಚು ಪೂರ್ತಿ ಕೊಡುತ್ತಿದ್ದರು. ಕಲಿತ ಮೇಲೆ ಈ ಕಡೆಯೇ ಪಾಠ ಹೇಳಬೇಕು, ಮೈಸೂರಿನಲ್ಲಿ ಉಳಿಯುವಂತಿಲ್ಲ. ಅದಕ್ಕೂ ಮೊದಲು ಆ ಬೇಸಿಗೆಯಲ್ಲೇ ತಮ್ಮೂರಿನ ಜನಕ್ಕೆ ಏನು ಸೇವೆ ಮಾಡಬಲ್ಲರೆಂದು ತೋರಿಸಬೇಕು. ಅಕ್ಷರ ಬಾರದ ದೊಡ್ಡವರು ಹತ್ತು ಜನಕ್ಕಾದರೂ ಓದು ಕಲಿಸಬೇಕು, ಅದಕ್ಕಿಂತ ಕಡಿಮೆಯಾದರೆ ದುಡ್ಡಿಲ್ಲ. ನೋಡಲು ಒಬ್ಬರು ಬರುತ್ತಿದ್ದರು. ರಿಟೈರ್ ಆದ ಸ್ಕೂಲ್ ಇನ್‌ಸ್ಪೆಕ್ಟರು.

ಗಂಡಸರು ಯಾರೂ ಬರಲಿಲ್ಲ. ಹೊತ್ತು ಮುಳುಗಿದ ಮೇಲೆ ಪಾಠ ಮಾಡೋಣವೆಂದರೆ ದೀಪಕ್ಕೆ ಎಣ್ಣೆಯಿಲ್ಲ. ಕೊನೆಗೆ ತಮ್ಮ ಹೆಂಗಸರನ್ನೇ ಹಿಡಿದ. ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದ ಮೇಲೆ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಮೊದಲು ಬಂದವಳು ಪಕ್ಕದ ಮನೆಯ ಅಜ್ಜಿ. ಕಲಿಯುವ ಆಸೆಯೇನಲ್ಲ, ಜಗಲಿಯಲ್ಲಿ ಮಾತು ನಡೆಯುವಾಗ ತಾನಿಲ್ಲದಿದ್ದರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಅವಳ ಹಿಂದೆ ಕಮ್ಮಾರನ ಹೆಂಡತಿ, ಅವಳ ಓರಗಿತ್ತಿ, ಹೀಗೆ ಹತ್ತು ಜನ ಸೇರಿದರು. ನಾಲ್ಕು ದಿನ ಪಾಠ ನಡೆದಿರಬೇಕು, ಅವರಲ್ಲಿ ಒಬ್ಬಳು ಬಸುರಿ, ಹೆರಿಗೆಗೆ ತವರಿಗೆ ಹೋದಳು. ತಮ್ಮ ಊರೆಲ್ಲ ಸುತ್ತಿದ. ಇನ್ನೊಬ್ಬಳು ಸಿಗಲಿಲ್ಲ.

"ನೀನೇ ಕೂತ್ಕ," ಎಂದಳು ಅವ್ವ ನನಗೆ.

"ನಂಗೆ ಬರ್ತದಲ್ಲ ಅವ್ವ."

"ಬರ್ತದೆ ಅಂತ ಅವ್ರಿಗೆಂತ ಗೊತ್ತು? ಬರದಿದ್ದವ್ರ ಹಂಗೆ ಕೂತ್ಕಂಡ್ರೆ ಆಯ್ತು."

ತಮ್ಮ ಒಪ್ಪಲಿಲ್ಲ. "ಬ್ಯಾಡ ಅಕ್ಕ, ಇದು ಸರಿ ಅಲ್ಲ," ಎಂದ. ಅವನನ್ನು ಒಪ್ಪಿಸಿದವಳು ನಾನು. "ಸುಮ್ನಿರು ಮಾರಾಯ, ನಿಂಗೆ ಬಿ.ಟಿ. ಬೇಕೋ ಬ್ಯಾಡ್ವೋ?" ಎಂದು ಗದರಿದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿ. ಎಲ್ಲರೂ ನೋಡುವಂತೆ ಜಗಲಿಯಲ್ಲಿ ಸ್ಲೇಟು ಹಿಡಿದು ಕೂರಲು ನನಗೊಂದು ನೆಪ ಸಿಕ್ಕಿತ್ತು.

ಬಾರದವರ ಹಾಗೆ ಕೂರುವುದು ಎಷ್ಟು ಕಷ್ಟವೆಂದು ಆಮೇಲೆ ಗೊತ್ತಾಯಿತು. ಬಳಪ ಮುಟ್ಟಿದರೆ ಬೆರಳು ತಾನಾಗಿ ಅಕ್ಷರ ತಿದ್ದಿಬಿಡುತ್ತಿತ್ತು. ಮುಷ್ಟಿಯಲ್ಲಿ ಹಿಡಿದು ಬರೆಯಲು ಅಭ್ಯಾಸ ಮಾಡಿದೆ. ಅಜ್ಜಿಗೆ ನನ್ನ ಗುಟ್ಟು ಗೊತ್ತಿತ್ತು, ಅವಳಿಗೆ ಗೊತ್ತಿಲ್ಲದ್ದು ಆ ಬೀದಿಯಲ್ಲಿ ಯಾವುದಿತ್ತು. "ಎಂತ ಮಾರಾಯ್ತಿ, ಅಷ್ಟು ದುಂಡಗೆ ಬರೀತೀಯಲ್ಲ," ಎಂದು ಪಿಸುಗುಟ್ಟಿ ತನ್ನ ಸ್ಲೇಟನ್ನು ನನ್ನ ಕಡೆ ಸರಿಸುತ್ತಿದ್ದಳು. "ನಂದು ನೋಡ್ಕಂಡು ಬರಿ. ತಪ್ಪು ಅಂದ್ರೆ ಹಿಂಗಿರ್ಬೇಕು." ನಾನು ಅವಳ ತಪ್ಪುಗಳನ್ನು ನೋಡಿ ಬರೆದೆ. ಅವಳು ಅದನ್ನು ತನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದಳು.

ಆದರೆ ದಡ್ಡಿಯಾಗಿ ಉಳಿಯಲು ನನ್ನಿಂದ ಆಗಲಿಲ್ಲ. ಕಮ್ಮಾರನ ಹೆಂಡತಿ ಬುದ್ಧಿವಂತೆ, ಎರಡನೆಯ ವಾರಕ್ಕೇ ಕಾಗುಣಿತಕ್ಕೆ ಬಂದಳು. ತಮ್ಮ ಅವಳನ್ನು ಹೊಗಳಿದ. ಮಾರನೆಯ ದಿನ ನಾನು ಅವಳಿಗಿಂತ ಮುಂದೆ ಹೋದೆ. ಪಾಪ, ಅವಳು ನಿಜವಾಗಿ ಕಲಿಯುತ್ತಿದ್ದವಳು. ಅವಳ ಮುಖ ಸಣ್ಣದಾದದ್ದನ್ನು ನೋಡಿಯೂ ನಾನು ನಿಲ್ಲಿಸಲಿಲ್ಲ.

ಇನ್‌ಸ್ಪೆಕ್ಟರು ಬಂದದ್ದು ತಿಂಗಳಾದ ಮೇಲೆ, ನರಸಿಂಹರಾಜಪುರದಿಂದ ಎತ್ತಿನ ಗಾಡಿಯಲ್ಲಿ. ಆ ಸೆಕೆಯಲ್ಲೂ ಕೋಟು, ಪೇಟ. ಮೆತ್ತಗೆ ಮಾತಾಡುವ ಮನುಷ್ಯ. ಅಜ್ಜಿ ಸ್ಲೇಟಿನ ತುಂಬ ಒಂದೇ 'ಅ' ಬರೆದು ತೋರಿಸಿದಾಗ, "ಸಾಕು ತಾಯಿ, ಇದೇ ದೊಡ್ಡದು," ಎಂದರು. ಕಮ್ಮಾರನ ಹೆಂಡತಿ ಹೆದರಿ, ಬರುತ್ತಿದ್ದದ್ದನ್ನೂ ತಪ್ಪಿದಳು. ನನ್ನ ಸರದಿ ಬಂದಾಗ ಅವರೇ ಎದ್ದು ಹಲಗೆಯ ಮೇಲೆ ಬರೆದರು. ಭದ್ರಾ ನದಿಯಲ್ಲಿ ನೀರು ತುಂಬಿದೆ.

ನಾನು ತಡವರಿಸಿದೆ. ಎಲ್ಲಿ ತಡೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ನನಗೆ ಅಷ್ಟು ಹೊತ್ತಿಗೆ ಚೆನ್ನಾಗಿ ಗೊತ್ತಾಗಿತ್ತು. ಮೊದಲನೆಯ ಮಾತಿನಲ್ಲೇ ಸಿಕ್ಕಿಹಾಕಿಕೊಂಡವಳ ಹಾಗೆ ನಿಂತು, ತುಟಿ ಅಲ್ಲಾಡಿಸಿ, ಒಂದೊಂದೇ ಅಕ್ಷರ ಕೂಡಿಸಿ ವಾಕ್ಯ ಮುಗಿಸಿದೆ. ಅವರು ಚಪ್ಪಾಳೆ ತಟ್ಟಿದರು.

"ಒಂದು ತಿಂಗಳಲ್ಲಿ ಒತ್ತಕ್ಷರ! ಇಷ್ಟು ವರ್ಷ ಸ್ಕೂಲು ನೋಡಿದೀನಮ್ಮ, ಇಂಥ ಬುದ್ಧಿ ನೋಡಿಲ್ಲ."

ಭೂಮಿ ಬಾಯಿಬಿಡಬಾರದೇ ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕಿವಿಯವರೆಗೂ ಬೆಚ್ಚಗಾಯಿತು. ನನಗೆ ಬುದ್ಧಿಯಿದೆಯೆಂದು ಅದುವರೆಗೆ ಯಾರೂ ಹೇಳಿರಲಿಲ್ಲ, ನಿಜವಾದ ಪರೀಕ್ಷೆ ಪಾಸಾದಾಗಲೂ ಹೇಳಿರಲಿಲ್ಲ. ಅವರು ಇನ್ನೊಂದು ವಾಕ್ಯ ಬರೆಯಲಿ ಎಂದು ನಾನು ಆಸೆಯಿಂದ ಹಲಗೆಯನ್ನೇ ನೋಡುತ್ತಿದ್ದೆ.

ಅವ್ವ ಬಾಗಿಲ ಹಿಂದಿನಿಂದ ಕಾಫಿ ಕಳಿಸಿದಳು. ಕುಡಿಯುತ್ತ ಅವರು ತಮ್ಮನಿಗೆ, ನಿನ್ನ ಕೆಲಸ ಆಯಿತೆಂದೇ ತಿಳಿದುಕೋ, ನಾನು ಕೊಪ್ಪದಲ್ಲಿ ಹೇಳುತ್ತೇನೆ ಎಂದರು. ಅವನ ಕಣ್ಣಲ್ಲಿ ನೀರು ಬಂತು. ಎದ್ದು ಹೊರಡುವವರು ಮತ್ತೆ ಕೂತರು.

"ಇನ್ನೊಂದು ಮಾತು. ಈ ವರ್ಷದಿಂದ ಹೆಣ್ಣುಮಕ್ಕಳಿಗೂ ಒಂದು ಸ್ಕಾಲರ್‌ಶಿಪ್ಪು ಇಟ್ಟಿದೀವಿ. ಲೋಯರ್ ಸೆಕೆಂಡರಿ ಆಗಿದ್ರೆ ಸಾಕು, ಮೈಸೂರಲ್ಲಿ ಟ್ರೈನಿಂಗ್ ಕೊಡಿಸ್ತೀವಿ. ಬಂದು ಇಲ್ಲೇ ಹೆಣ್ಣುಮಕ್ಕಳ ಸ್ಕೂಲು ನಡೆಸಬೇಕು. ಗಂಡ ಹೋದವರಾದ್ರೂ ಅಡ್ಡಿಯಿಲ್ಲ. ಆದ್ರೆ ಅಷ್ಟು ಓದಿರೋರೇ ಸಿಗ್ತಿಲ್ಲ. ಈ ಕಡೆ ಯಾರಾದ್ರೂ ಇದಾರಾ?"

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಬಾಗಿಲ ಹಿಂದೆ ಅವ್ವನ ಬಳೆ ಸದ್ದು ಮಾಡಲಿಲ್ಲ. ತಮ್ಮ ಲೋಟ ಕೆಳಗಿಟ್ಟ. ಅವನ ಮುಖ ಬಿಳಿಚಿಕೊಂಡಿತ್ತು.

"ಇದಾರೆ ಸ್ವಾಮಿ," ಎಂದ. "ನಮ್ಮ..."

"ಇಲ್ಲ ಸ್ವಾಮಿ," ಎಂದೆ ನಾನು. "ನಮ್ಮ ಕಡೆ ಹೆಂಗಸ್ರು ಅಷ್ಟೆಲ್ಲ ಓದಿಲ್ಲ."

ನನ್ನ ಧ್ವನಿ ಒಂದು ಚೂರೂ ತಡವರಿಸಲಿಲ್ಲ. ಅವರು ನನ್ನನ್ನು ಪ್ರೀತಿಯಿಂದ ನೋಡಿ, "ಹೌದಮ್ಮ. ನೀನು ಚಿಕ್ಕವಳಿದ್ದಾಗಲೇ ಯಾರಾದ್ರೂ ಸ್ಕೂಲಿಗೆ ಹಾಕಿದ್ದಿದ್ರೆ," ಎಂದು ಮಾತು ಅಲ್ಲಿಗೇ ಬಿಟ್ಟು ಎದ್ದರು.

ಅವನಿಗಾಗಿ ನಾನು ಹಾಗೆ ಹೇಳಿದೆ ಎಂದು ತಮ್ಮ ನಂಬಿದ. ನಾಳೆಯೇ ಕೊಪ್ಪಕ್ಕೆ ಹೋಗಿ ಎಲ್ಲ ಹೇಳಿಬಿಡುತ್ತೇನೆ, ನನಗೆ ಸ್ಕಾಲರ್‌ಶಿಪ್ಪು ಹೋದರೂ ಹೋಗಲಿ ಎಂದು ಕೂತಲ್ಲೇ ಅತ್ತ. "ಹೋದ್ರೆ ನಾನು ಬಾವಿ ನೋಡ್ಕಳ್ತೀನಿ," ಎಂದೆ. ಅವನು ನನ್ನ ಕಾಲಿಗೆ ಬಿದ್ದ. ತ್ಯಾಗದ ಕಥೆ ಹುಟ್ಟಿದ್ದು ಆಗ.

ಆ ಗಳಿಗೆಯಲ್ಲಿ ತಮ್ಮ ನನ್ನ ತಲೆಯಲ್ಲೇ ಇರಲಿಲ್ಲ. ಅವನು ಕಳೆದುಕೊಳ್ಳಲು ತಯಾರಾಗಿ ಬಾಯಿಬಿಟ್ಟಿದ್ದ, ನೋಡಿದರೆ ತ್ಯಾಗ ಅವನದು. ನನಗಿದ್ದದ್ದು ಒಂದೇ ಭಯ. ಈಗಷ್ಟೇ ನನ್ನನ್ನು ಬುದ್ಧಿವಂತೆ ಎಂದ ಈ ಮನುಷ್ಯನಿಗೆ, ಇವಳು ಮೋಸಗಾತಿ ಎಂದು ಈಗಲೇ ಗೊತ್ತಾಗುತ್ತದೆ. ಆ ಮುಖದ ಮೇಲಿನ ಸಂತೋಷ ನನ್ನ ಕಣ್ಣೆದುರೇ ಆರಿಹೋಗುತ್ತದೆ. ಅದನ್ನು ನೋಡಲಾರದೆ, ಚಿಕ್ಕಂದಿನಿಂದ ಆಸೆಪಟ್ಟದ್ದು ಮನೆ ಬಾಗಿಲಿಗೆ ಬಂದಾಗ ನಾನೇ ಇಲ್ಲವೆಂದೆ. ಇದನ್ನು ತಮ್ಮನಿಗೆ ಎಷ್ಟೋ ಸಲ ಹೇಳಲು ಹೋಗಿ, ಅವನ ಭಕ್ತಿ ನೋಡಿ ನುಂಗಿಕೊಂಡೆ.

ತಮ್ಮ ಬಿ.ಟಿ. ಮುಗಿಸಿ ಶೃಂಗೇರಿಯಲ್ಲಿ ಮೇಷ್ಟರಾದ. ಅದರ ಮುಂದಿನ ವರ್ಷ ನಮ್ಮೂರಿನ ಛತ್ರದ ಕೋಣೆಯಲ್ಲಿ ಹೆಣ್ಣುಮಕ್ಕಳ ಸ್ಕೂಲು ಶುರುವಾಯಿತು. ನಡೆಸಲು ಬಂದವಳು ಕೊಪ್ಪದ ಕಡೆಯ ಹುಡುಗಿ, ಆ ಸ್ಕಾಲರ್‌ಶಿಪ್ಪಿನಲ್ಲೇ ಟ್ರೈನಿಂಗ್ ಆದವಳು. ನನಗಿಂತ ಚಿಕ್ಕವಳು, ಮಾತಾಡುವಾಗ ಸೆರಗಿನ ತುದಿ ತಿರುಚುತ್ತಿದ್ದಳು. ಬಂದ ವಾರದಲ್ಲೇ ಅಂಗಡಿಗೆ ಬಂದು ನನ್ನನ್ನು ಹುಡುಕಿದಳು.

"ಇನ್‌ಸ್ಪೆಕ್ಟರು ನಿಮ್ಮ ವಿಷಯ ಹೇಳಿದಾರೆ ಅಕ್ಕ. ಅಷ್ಟು ಬೇಗ ಕಲಿತ್ರಂತೆ. ಬಿಟ್ಟುಬಿಟ್ರೆ ಮರ್ತು ಹೋಗ್ತದೆ. ಸ್ಕೂಲಿಗೆ ಬನ್ನಿ, ಮಕ್ಕಳ ಜೊತೆ ಕೂತ್ಕಳಿ, ನಾನು ಹೇಳಿಕೊಡ್ತೀನಿ."

ಆಗಲಾದರೂ ಹೇಳಬಹುದಿತ್ತು. ತಮ್ಮನ ಕೆಲಸ ಗಟ್ಟಿಯಾಗಿತ್ತು, ಯಾರಿಗೂ ಏನೂ ನಷ್ಟವಿರಲಿಲ್ಲ. ನನ್ನ ಜಾಗದಲ್ಲಿ ನಿಂತುಕೊಂಡು ನನ್ನನ್ನೇ ಓದಲು ಕರೆಯುತ್ತಿದ್ದಾಳೆ ಎಂದು ಮೊದಲು ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದು ಬೇರೆ. "ಬರ್ತೀನಿ," ಎಂದೆ.

ಹೋದೆ. ದಿನವೂ ಮನೆಕೆಲಸ ಮುಗಿಸಿ, ಸೀರೆ ಬದಲಾಯಿಸಿ ಹೋದೆ. ಹಿಂದಿನ ಸಾಲಿನಲ್ಲಿ, ಅಕ್ಕಪಕ್ಕ ಎಂಟೊಂಬತ್ತು ವರ್ಷದ ಮಕ್ಕಳ ನಡುವೆ ಕೂತೆ. ಅವಳು ಹೇಳಿಕೊಡುವುದು ಚೆನ್ನಾಗಿತ್ತು. ನಾನಾಗಿದ್ದರೆ ಇಲ್ಲಿ ಹೀಗೆ ಹೇಳುತ್ತಿದ್ದೆ ಎಂದು ಮನಸ್ಸಿನಲ್ಲೇ ಪಾಠ ಮಾಡುತ್ತಿದ್ದೆ. ಅನುಮಾನ ಬಾರದಿರಲೆಂದು ಆಗಾಗ ಲೆಕ್ಕ ತಪ್ಪು ಮಾಡುತ್ತಿದ್ದೆ. ಪಕ್ಕದ ಮಗು ತಪ್ಪಿದರೆ ತಿದ್ದಲು ಕೈ ಮುಂದೆ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಸುಖವಾಗಿ ಕಳೆದ ಬೆಳಗುಗಳು ಬೇರೆಯಿಲ್ಲ. ಹಾಗೆಂದು ಬರೆಯುವಾಗ ಈಗಲೂ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಗುತ್ತದೆ.

ಎರಡನೆಯ ಪುಸ್ತಕ ಮುಗಿದ ದಿನ ಅವಳು ನನ್ನ ಹತ್ತಿರ ಬಂದು ಕೂತಳು. "ಇನ್ನು ನಿಮಗೆ ನನ್ನ ಅವಶ್ಯಕತೆಯಿಲ್ಲ ಅಕ್ಕ. ನಾಳೆಯಿಂದ ಮನೇಲೇ ಓದ್ಕಳಿ," ಎಂದಳು.

ನಾನು ಸ್ಲೇಟು ಒರೆಸಿ ತೊಡೆಯ ಮೇಲಿಟ್ಟುಕೊಂಡೆ.

"ಮೊದಲಿಂದೆಲ್ಲ ಮರ್ತೇ ಹೋಗಿದೆ," ಎಂದೆ.

ಅವಳು ಸ್ವಲ್ಪವೂ ಬೇಸರಪಡದೆ ಎದ್ದುಹೋಗಿ ಒಂದನೆಯ ಪುಸ್ತಕ ತಂದಳು.